ಜಪಾನಿನ ಹೈಸ್ಕೂಲ್ ಹಾಸ್ಯ ಧಾರಾವಾಹಿಯನ್ನು ಸವಿಯುವ ಬಗೆ: ‘ಗೋಕುಸೆನ್’ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಜಪಾನಿನ ಶಾಲಾ ಧಾರಾವಾಹಿಗಳನ್ನು ಶುರು ಮಾಡಿ ಎರಡೇ ಕಂತಿಗೆ ಕೈಬಿಡುವವರು ಹೇಳುವ ಕಾರಣಗಳು ಹೆಚ್ಚುಕಡಿಮೆ ಇವೇ: ನಟರು ಮುಖವನ್ನು ಅತಿಯಾಗಿ ಕುಣಿಸುತ್ತಾರೆ, ಪ್ರತಿ ಕಂತಿನಲ್ಲೂ ಅದೇ ಕಥೆ ಬರುತ್ತದೆ, ಕೊನೆಗೆ ಟೀಚರ್ ನಿಂತು ಉಪದೇಶ ಮಾಡುತ್ತಾರೆ. ಮೂರೂ ನಿಜ. ಆದರೆ ಯಕ್ಷಗಾನ ನೋಡಲು ಹೋದವರು ‘ಗದಾಯುದ್ಧದ ಕಥೆ ಗೊತ್ತಿದೆಯಲ್ಲ’ ಎಂದು ಎದ್ದು ಬರುವುದಿಲ್ಲ. ಕೌರವ ಕೊಳದಿಂದ ಹೇಗೆ ಮೇಲೆ ಬರುತ್ತಾನೆ, ಭೀಮನ ಮಾತಿಗೆ ಇವತ್ತು ಯಾವ ಮಾತು ಎಸೆಯುತ್ತಾನೆ ಎಂದು ಕಾಯುತ್ತಾರೆ. ಜಪಾನೀಯರು ‘ಗಕುಎನ್ ದೊರಾಮಾ’ ಎಂದು ಕರೆಯುವ ಶಾಲಾ ಧಾರಾವಾಹಿ ಇದೇ ಜಾತಿಯದು. ಚೌಕಟ್ಟು ಮೊದಲೇ ಗೊತ್ತು. ರುಚಿ ಇರುವುದು ಯಾರು ಯಾರನ್ನು ಏನೆಂದು ಕರೆದರು, ಯಾವ ಗಳಿಗೆಯಲ್ಲಿ ಮಾತಿನ ಮಟ್ಟ ಬದಲಾಯಿತು ಎಂಬಲ್ಲಿ. ಇಂಗ್ಲಿಷ್ ಸಬ್‌ಟೈಟಲ್ ಇದನ್ನೆಲ್ಲ ಸವರಿ ಸಮ ಮಾಡಿಬಿಡುತ್ತದೆ. ಕನ್ನಡದ ಕಿವಿ ಮಾತ್ರ, ಸ್ವಲ್ಪ ಅಭ್ಯಾಸವಾದರೆ, ಇದನ್ನು ನೇರವಾಗಿ ಹಿಡಿಯಬಲ್ಲದು. ಈ ಮಾರ್ಗದರ್ಶಿ ಹೆಚ್ಚಾಗಿ ಆ ಅಭ್ಯಾಸದ ಬಗ್ಗೆ.

ಮೊದಲು ಯಾವುದು, ಯಾವ ಕ್ರಮದಲ್ಲಿ

ಶುರುವಿಗೆ ‘ಗೋಕುಸೆನ್’ ಮೊದಲ ಸರಣಿಯೇ ಸರಿ. ನಿಪ್ಪೋನ್ ಟಿವಿ ಇದನ್ನು 2002ರ ಏಪ್ರಿಲ್ 17ರಿಂದ ಜುಲೈ 3ರವರೆಗೆ ಬುಧವಾರ ರಾತ್ರಿ 10 ಗಂಟೆಗೆ, 12 ಕಂತುಗಳಲ್ಲಿ ಪ್ರಸಾರ ಮಾಡಿತು. ಮೂಲ ಒಂದು ಮಾಂಗಾ, ಅಂದರೆ ಜಪಾನೀ ಕಾಮಿಕ್ಸ್. ಕಥೆಯ ಎಳೆ ಒಂದೇ ಸಾಲಿನದು: ಗಣಿತದ ಹೊಸ ಟೀಚರ್ ಯಾಮಾಗುಚಿ ಕುಮಿಕೊ ಗಂಡುಮಕ್ಕಳ ಶಾಲೆಯ ಅತ್ಯಂತ ಪುಂಡ ತರಗತಿಗೆ ಕ್ಲಾಸ್ ಟೀಚರ್ ಆಗಿ ಬರುತ್ತಾಳೆ. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದ ಅಜ್ಜ ಒಂದು ಯಾಕುಜಾ (ಸಂಘಟಿತ ಅಪರಾಧದ ಗುಂಪು) ಮನೆತನದ ಮೂರನೇ ಯಜಮಾನ, ನಾಲ್ಕನೆಯವಳು ಇವಳೇ ಆಗಬೇಕು ಎಂದು ಮನೆಯವರ ಆಸೆ. ಶಾಲೆಗೆ ಇದು ತಿಳಿಯಬಾರದು. ಕುಮಿಕೊ ಪಾತ್ರದಲ್ಲಿ ನಕಾಮಾ ಯುಕಿಯೆ, ಅವಳ ಗುಟ್ಟನ್ನು ಮೊದಲು ಹಿಡಿಯುವ ವಿದ್ಯಾರ್ಥಿ ಸವಾದಾ ಶಿನ್ ಆಗಿ ಮತ್ಸುಮೊತೊ ಜುನ್. ಹೆಸರಿನ ಅರ್ಥ ‘ಗೋಕುದೋ’ ಮತ್ತು ‘ಸೆನ್ಸೇ’ ಸೇರಿಸಿ ಮಾಡಿದ್ದು: ಯಾಕುಜಾ ಮೇಡಂ.

ನೋಡುವ ಕ್ರಮದಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. 12 ಕಂತು ಮುಗಿಸಿ ನೇರವಾಗಿ 2005ರ ಎರಡನೇ ಸರಣಿಗೆ ಹಾರುತ್ತಾರೆ. ನಡುವೆ 2003ರ ಮಾರ್ಚ್‌ನಲ್ಲಿ ಪ್ರಸಾರವಾದ ಒಂದು ವಿಶೇಷ ಕಂತಿದೆ. ಮೊದಲ ಸರಣಿಯ ಹುಡುಗರ ಬೀಳ್ಕೊಡುಗೆ ಇರುವುದು ಅದರಲ್ಲಿ. ಆದ್ದರಿಂದ 2002ರ 12 ಕಂತು, 2003ರ ವಿಶೇಷ ಕಂತು, ಆಮೇಲೆ 2005ರ 10 ಕಂತು, ನಂತರ 2008ರ 11 ಕಂತು, ಕೊನೆಗೆ 2009ರ ಸಿನಿಮಾ. ಮೂರು ಸರಣಿಗಳಲ್ಲಿ ಟೀಚರ್ ಅದೇ, ಶಾಲೆ ಮತ್ತು ಹುಡುಗರು ಬೇರೆ. ಶಾಲೆಗಳ ಹೆಸರಿನಲ್ಲೂ ಒಂದು ಆಟವಿದೆ: ಶಿರೊಕಿನ್ ಎಂದರೆ ಬಿಳಿ ಚಿನ್ನ, ಕುರೊಗಿನ್ ಎಂದರೆ ಕಪ್ಪು ಬೆಳ್ಳಿ, ಅಕಾದೋ ಎಂದರೆ ಕೆಂಪು ತಾಮ್ರ. ಚಿನ್ನ, ಬೆಳ್ಳಿ, ತಾಮ್ರ. ಗುಣಮಟ್ಟವೂ ನಮ್ಮ ಲೆಕ್ಕದಲ್ಲಿ ಅದೇ ಕ್ರಮದಲ್ಲಿ ಇಳಿಯುತ್ತದೆ. ಮೊದಲನೆಯದರಲ್ಲಿ ಪ್ರತಿ ಹುಡುಗನಿಗೂ ಒಂದು ಮನೆ, ಒಂದು ಸಂಕಟ ಇದೆ. ಮೂರನೆಯದರ ಹೊತ್ತಿಗೆ ಚೌಕಟ್ಟಷ್ಟೇ ಗಟ್ಟಿಯಾಗಿ ಉಳಿದಿದೆ.

ಡಿಸ್ಕು ಮತ್ತು ಸಬ್‌ಟೈಟಲ್

ಸ್ಟ್ರೀಮಿಂಗ್ ಸೇವೆಗಳಲ್ಲಿ ಜಪಾನಿನ ಧಾರಾವಾಹಿಗಳ ಹಕ್ಕು ದೇಶದಿಂದ ದೇಶಕ್ಕೆ ಬೇರೆ, ವರ್ಷದಿಂದ ವರ್ಷಕ್ಕೂ ಬೇರೆ. ನೆಟ್‌ಫ್ಲಿಕ್ಸ್ ಮತ್ತು ವಿಕಿ (Viki) ಎಂಬ ಸ್ಟ್ರೀಮಿಂಗ್ ಸೇವೆಯಲ್ಲಿ ಜಪಾನೀ ಹೆಸರನ್ನೇ ಕೊಟ್ಟು ಹುಡುಕಿ, ಇಂಗ್ಲಿಷ್ ಶೀರ್ಷಿಕೆ ಹಲವು ಸಲ ಬೇರೆಯೇ ಇರುತ್ತದೆ. ಟಿವರ್ ಎಂಬ ಉಚಿತ ಸೇವೆ ಜಪಾನಿನೊಳಗೆ ಮಾತ್ರ ನಡೆಯುತ್ತದೆ.

ಹಳೆಯ ಸರಣಿಗಳಿಗೆ ಡಿವಿಡಿ ಪೆಟ್ಟಿಗೆ ಕೊಳ್ಳುವವರು ಹಣ ಕೊಡುವ ಮೊದಲು ಮೂರು ವಿಷಯ ನೋಡಿಕೊಳ್ಳಬೇಕು. ಡಿಸ್ಕು ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆ ಎಂದು ಹೇಳುವ ‘ರೀಜನ್’ ಸಂಖ್ಯೆ ಇರುತ್ತದೆ: ಜಪಾನಿನ ಡಿವಿಡಿ ರೀಜನ್ 2, ಭಾರತದ್ದು ರೀಜನ್ 5, ಹಾಗಾಗಿ ಇಲ್ಲಿನ ಸಾಮಾನ್ಯ ಪ್ಲೇಯರ್ ಅದನ್ನು ಓದುವುದಿಲ್ಲ. ಬ್ಲೂ-ರೇ ಆದರೆ ಜಪಾನ್ ‘ಎ’, ಭಾರತ ‘ಸಿ’. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಿಸಬಹುದು, ಆದರೆ 5 ಸಲ ಮಾತ್ರ. ಐದನೆಯ ಸಲ ಯಾವುದಕ್ಕೆ ಇಟ್ಟಿರೋ ಅಲ್ಲಿಗೇ ಬೀಗ ಬೀಳುತ್ತದೆ. ಮೂರನೆಯದು, ಜಪಾನಿನ ಮಾರುಕಟ್ಟೆಗೆಂದೇ ಬಂದ ಪೆಟ್ಟಿಗೆಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಾಮಾನ್ಯವಾಗಿ ಇರುವುದಿಲ್ಲ. ಹೊದಿಕೆಯ ಮೇಲೆ ‘ಜಿಮಾಕು’ ಎಂಬ ಜಾಗದಲ್ಲಿ ಯಾವ ಭಾಷೆ ಬರೆದಿದೆ ಎಂದು ಮಾರುವವರನ್ನು ಕೇಳಿ. ಜಿಮಾಕು ಎಂದರೆ ಸಬ್‌ಟೈಟಲ್.

ವಿಎಲ್‌ಸಿ ಎಂಬ ವೀಡಿಯೊ ಪ್ಲೇಯರಿನಲ್ಲಿ ನೋಡುವಾಗ ಅಕ್ಷರ ಮಾತಿಗಿಂತ ಮುಂದೆ ಓಡಿದರೆ ‘ಎಚ್’ ಒತ್ತಿ, ಹಿಂದೆ ಬಿದ್ದರೆ ‘ಜಿ’. ಒಂದು ಒತ್ತಿಗೆ 50 ಮಿಲಿಸೆಕೆಂಡ್, ಒಂದು ಸೆಕೆಂಡಿಗೆ 20 ಒತ್ತು. ಶುರುವಿನಲ್ಲಿ ಸರಿಯಿದ್ದು ಹೋಗಹೋಗುತ್ತಾ ಅಂತರ ಬೆಳೆದರೆ ತೊಂದರೆ ಬೇರೆ: ಸಬ್‌ಟೈಟಲ್ ಫೈಲು ಬೇರೆ ಫ್ರೇಮ್ ವೇಗಕ್ಕೆ ಮಾಡಿದ್ದು. 25 ಫ್ರೇಮಿಗೆ ಮಾಡಿದ ಫೈಲನ್ನು 23.976 ಫ್ರೇಮಿನ ಚಿತ್ರಕ್ಕೆ ಹಾಕಿದರೆ 45 ನಿಮಿಷದಲ್ಲಿ ಸುಮಾರು ಎರಡು ನಿಮಿಷ ತಪ್ಪುತ್ತದೆ. ಆಗ ಎಷ್ಟು ಒತ್ತಿದರೂ ಸರಿಹೋಗದು, ಫೈಲಿನ ಫ್ರೇಮ್ ವೇಗವನ್ನೇ ಬದಲಿಸಬೇಕು. ಹಾಸ್ಯಕ್ಕೆ ಅರ್ಧ ಸೆಕೆಂಡಿನ ತಪ್ಪೂ ಸಹಿಸದು. ಉತ್ತರ ಬರುವ ಮೊದಲೇ ಅದನ್ನು ಓದಿಬಿಟ್ಟರೆ ನಗು ಸತ್ತಿತು.

ಇಂಗ್ಲಿಷ್ ಡಬ್ಬಿಂಗ್ ಇದ್ದರೂ ಅದನ್ನು ಮುಟ್ಟಬೇಡಿ. ಮುಂದೆ ಹೇಳುವುದೆಲ್ಲ ಮೂಲ ದನಿಯ ಮೇಲೆ ನಿಂತಿದೆ. ಫೋನಿಗಿಂತ ದೊಡ್ಡ ಪರದೆ, ಇಲ್ಲವೇ ಒಳ್ಳೆಯ ಇಯರ್‌ಫೋನ್. ಎರಡರಲ್ಲಿ ಒಂದೇ ಸಿಗುವುದಾದರೆ ಇಯರ್‌ಫೋನ್ ಆರಿಸಿ.

ಒಮ್ಮೆ ಕೂತರೆ ಒಂದೇ ಕಂತು

ಜಪಾನಿನಲ್ಲಿ ಧಾರಾವಾಹಿಗಳು ಮೂರು ತಿಂಗಳ ಪಾಳಿಯಲ್ಲಿ ಬರುತ್ತವೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಹೊಸವು ಶುರು. ವಾರಕ್ಕೊಂದು ಕಂತು, ಜಾಹೀರಾತು ಕಳೆದರೆ ಸುಮಾರು 45 ನಿಮಿಷ, ಒಟ್ಟು 10ರಿಂದ 12 ಕಂತು. ಮೊದಲ ಮತ್ತು ಕೊನೆಯ ಕಂತು ಹೆಚ್ಚಾಗಿ 10–15 ನಿಮಿಷ ಉದ್ದ. ನಮ್ಮ ಟಿವಿ ಧಾರಾವಾಹಿಗಳಂತೆ ವರ್ಷಗಟ್ಟಲೆ ಎಳೆಯುವುದಿಲ್ಲ, ಮುಗಿಯುವ ದಿನ ಮೊದಲೇ ಗೊತ್ತು.

ಹೀಗೆ ವಾರಕ್ಕೊಂದು ಎಂದು ಬರೆದದ್ದನ್ನು ಒಂದು ರಾತ್ರಿಗೆ ಆರು ಕಂತು ನೋಡಿದರೆ ಪುನರಾವರ್ತನೆ ಬಿಟ್ಟು ಬೇರೇನೂ ಕಾಣದು. ಗೋಕುಸೆನ್‌ನಲ್ಲಿ ಜಗಳಕ್ಕೆ ಇಳಿಯುವ ಮೊದಲು ಕುಮಿಕೊ ಕನ್ನಡಕ ತೆಗೆಯುವ ದೃಶ್ಯ ಆರು ಸಲ ಬೆನ್ನುಬೆನ್ನಿಗೆ ಬಂದರೆ ಯಾರಿಗಾದರೂ ಸಾಕಾಗುತ್ತದೆ. ಅದೇ ದೃಶ್ಯಕ್ಕೆ ಎರಡು ದಿನ ಕಾದು ಕೂತರೆ ಅದು ಬಂದಾಗ ಚಪ್ಪಾಳೆ ತಟ್ಟುವಂತಾಗುತ್ತದೆ. ವಾರಕ್ಕೆ ಎರಡು ಕಂತು ಒಳ್ಳೆಯ ಅಳತೆ, 12 ಕಂತಿಗೆ ಆರು ವಾರ. ಕಂತಿನ ಕೊನೆಯ ‘ಯೊಕೊಕು’, ಅಂದರೆ ಮುಂದಿನ ವಾರದ ತುಣುಕು, ತಪ್ಪದೆ ನೋಡಿ. ಆ ಕೆಲವೇ ಸೆಕೆಂಡು ಕುತೂಹಲವನ್ನು ಮುಂದಿನ ಸಲದವರೆಗೆ ಹಿಡಿದಿಡಲೆಂದೇ ಕತ್ತರಿಸಿದ್ದು.

ಶಾಲೆ ಹೇಗಿದೆ ಎಂದು ತಿಳಿದು ಕೂರಿ

ಹೆಸರೇ ಮೊದಲ ಗೊಂದಲ. ಕರ್ನಾಟಕದಲ್ಲಿ ಹೈಸ್ಕೂಲ್ ಎಂದರೆ 8ರಿಂದ 10ನೇ ತರಗತಿ. ಜಪಾನಿನಲ್ಲಿ ಆರು ವರ್ಷ ಪ್ರಾಥಮಿಕ, ಮೂರು ವರ್ಷ ಮಾಧ್ಯಮಿಕ, ಆಮೇಲೆ ಮೂರು ವರ್ಷ ‘ಕೋಕೋ’. ಇದು ನಮ್ಮ ಎಸ್ಸೆಸ್ಸೆಲ್ಸಿ ವರ್ಷ ಮತ್ತು ಎರಡು ಪಿಯು ವರ್ಷಗಳಿಗೆ ಸಮ. ಕುಮಿಕೊಳ ‘ಮೂರನೇ ವರ್ಷದ ಡಿ’ ಹುಡುಗರು ಸೆಕೆಂಡ್ ಪಿಯು ವಯಸ್ಸಿನವರು, 17–18. ಅವರನ್ನು 14ರ ಮಕ್ಕಳೆಂದುಕೊಂಡು ನೋಡಿದರೆ ಕೆಲಸಕ್ಕೆ ಹೋಗಬೇಕೋ ಓದಬೇಕೋ ಎಂಬ ಅವರ ತಳಮಳ ಅರ್ಥವಾಗದು.

ಕಡ್ಡಾಯ ಶಿಕ್ಷಣ ಮೊದಲ ಒಂಬತ್ತು ವರ್ಷಕ್ಕೇ ಮುಗಿಯುತ್ತದೆ. ಕೋಕೋ ಕಡ್ಡಾಯವಲ್ಲ, ಆದ್ದರಿಂದಲೇ ಅಲ್ಲಿಂದ ಹುಡುಗನನ್ನು ಹೊರಹಾಕಬಹುದು. ಈ ಧಾರಾವಾಹಿಗಳ ಎಲ್ಲ ಬಿಗಿಯೂ ಈ ಒಂದು ನಿಯಮದಿಂದ ಹುಟ್ಟುತ್ತದೆ. ಎರಡು ಪದ ಕಿವಿಗೆ ಹತ್ತಿಸಿಕೊಳ್ಳಿ: ‘ತೇಗಕು’ ಅಂದರೆ ಕೆಲವು ದಿನ ಶಾಲೆಗೆ ಬರಬಾರದು, ‘ತೈಗಕು’ ಅಂದರೆ ಹೆಸರು ಕಿತ್ತುಹಾಕುವುದು. ಒಂದು ಸ್ವರದ ವ್ಯತ್ಯಾಸ, ಹುಡುಗನ ಬದುಕೇ ಬೇರೆ. ಸ್ಟಾಫ್ ರೂಮಿನ ದೃಶ್ಯದಲ್ಲಿ ‘ತೈಗಕು’ ಕೇಳಿಸಿತೆಂದರೆ ಆ ಕಂತಿನ ಗಂಟು ಬಿದ್ದಿತು.

ಆ ಮಾತನ್ನು ಹೆಚ್ಚಾಗಿ ಆಡುವವರು ‘ಕ್ಯೋತೋ’, ಅಂದರೆ ವೈಸ್ ಪ್ರಿನ್ಸಿಪಾಲ್. ಗೋಕುಸೆನ್‌ನಲ್ಲಿ ಆ ಪಾತ್ರ ನಮಾಸೆ ಕತ್ಸುಹಿಸಾ ಅವರದು, ಮೂರೂ ಸರಣಿಗಳಲ್ಲಿ ಅವರೇ ಇದ್ದಾರೆ. ಶಾಲೆಯ ಮಾನ ಕಾಯುವ ಹೊಣೆ, ಟೀಚರುಗಳ ಮೇಲಿನ ದರ್ಪ, ಮೇಲಿನವರ ಮುಂದೆ ಬಾಗುವ ಬೆನ್ನು, ಮೂರೂ ಒಬ್ಬನಲ್ಲೇ ಸೇರಿರುವುದರಿಂದ ಹಾಸ್ಯಕ್ಕೆ ಇದಕ್ಕಿಂತ ಒದಗುವ ಹುದ್ದೆ ಇನ್ನೊಂದಿಲ್ಲ.

ಇನ್ನು ತರಗತಿ. ಬಾಗಿಲಲ್ಲಿ ಚಪ್ಪಲಿ-ಶೂಗಳ ಗೂಡು, ಅಲ್ಲಿ ಬೂಟು ಬಿಚ್ಚಿ ಒಳಗಿನ ಶೂ ಹಾಕಿಕೊಳ್ಳಬೇಕು. ಹಿಮ್ಮಡಿ ತುಳಿದುಕೊಂಡು ಹಾಕಿದವನು ಪುಂಡ. ‘ಕಿರಿತ್ಸು, ರೇ, ಚಕುಸೆಕಿ’, ಎದ್ದೇಳಿ, ನಮಸ್ಕರಿಸಿ, ಕುಳಿತುಕೊಳ್ಳಿ ಎಂಬ ಕೂಗಿನಿಂದ ಪಾಠ ಶುರುವಾಗುತ್ತದೆ. ಮೊದಲ ಕಂತಿನಲ್ಲಿ ಈ ಕೂಗಿಗೆ ಹುಡುಗರು ಹೇಗೆ ಓಗೊಡುತ್ತಾರೆ, ಕೊನೆಯ ಕಂತಿನಲ್ಲಿ ಹೇಗೆ ಎಂದು ಹೋಲಿಸಿ ನೋಡಿ, ಇಡೀ ಸರಣಿಯ ಪ್ರಯಾಣ ಅಷ್ಟರಲ್ಲೇ ಇದೆ. ಎತ್ತರದ ಕಾಲರಿನ ಕಪ್ಪು ಸಮವಸ್ತ್ರ ‘ಗಕುರಾನ್’. ಕೊರಳ ಗುಂಡಿ ಹಾಕಿದ್ದರೆ ವಿಧೇಯ, ಬಿಚ್ಚಿ ಒಳಗೆ ಬಣ್ಣದ ಅಂಗಿ ಕಂಡರೆ ‘ಯಾಂಕೀ’, ಅಂದರೆ ರೌಡಿ ಹುಡುಗ. ಗುಟ್ಟಿನ ಮಾತಿಗೆಲ್ಲ ಶಾಲೆಯ ತಾರಸಿಗೆ ಹೋಗುವುದು ಧಾರಾವಾಹಿಯ ರೂಢಿ. ನಿಜದ ಹಲವು ಶಾಲೆಗಳಲ್ಲಿ ತಾರಸಿಯ ಬಾಗಿಲಿಗೆ ಬೀಗ ಇರುತ್ತದೆ.

ಕಂತಿನ ಎಲುಬು

ಒಂದು ಕಾಗದದಲ್ಲಿ ಇದನ್ನು ಬರೆದಿಟ್ಟುಕೊಂಡರೆ ಮೊದಲ ಮೂರು ಕಂತಿಗೆ ಅನುಕೂಲ. ಶುರುವಿನ ಹತ್ತು ನಿಮಿಷದಲ್ಲಿ ಒಬ್ಬ ಹುಡುಗನಿಗೆ ಆಪತ್ತು ಬರುತ್ತದೆ: ಕಳ್ಳತನದ ಆರೋಪ, ಹೊರಗಿನ ಪುಂಡರ ಕಾಟ, ಮನೆಯ ಸಾಲ. ಶಾಲೆ ಅವನನ್ನು ಹೊರಹಾಕಲು ನೋಡುತ್ತದೆ. ಟೀಚರ್ ಅವನನ್ನು ನಂಬುತ್ತಾಳೆ, ಅವನು ಟೀಚರನ್ನು ನಂಬುವುದಿಲ್ಲ. ನಡುವೆ ಅಜ್ಜನ ಮನೆಯ ದೃಶ್ಯಗಳು ಬರುತ್ತವೆ, ನಗು ದಟ್ಟವಾಗಿರುವುದು ಇಲ್ಲಿ. ಅರ್ಧ ಗಂಟೆ ದಾಟಿದ ಮೇಲೆ ಹುಡುಗ ಯಾವುದೋ ಪಾಳು ಗೋದಾಮಿನಲ್ಲೋ ಸೇತುವೆಯ ಕೆಳಗೋ ಹೊಡೆತ ತಿನ್ನುತ್ತಿರುತ್ತಾನೆ. ಆಗ ಟ್ರ್ಯಾಕ್‌ಸೂಟಿನಲ್ಲಿ ಕುಮಿಕೊ ಬರುತ್ತಾಳೆ, ಕನ್ನಡಕ ತೆಗೆಯುತ್ತಾಳೆ, ಎರಡು ಜುಟ್ಟು ಬಿಚ್ಚುತ್ತಾಳೆ. ಜಗಳ ಚಿಕ್ಕದು. ಅದರ ನಂತರದ ಮಾತು ಉದ್ದದ್ದು.

ಜಪಾನಿನವರಿಗೆ ಇದು ಹೊಸದಲ್ಲ. 1969ರಿಂದ 2011ರವರೆಗೆ ನಡೆದ ‘ಮಿತೊ ಕೋಮೊನ್’ ಎಂಬ ಐತಿಹಾಸಿಕ ಧಾರಾವಾಹಿಯಲ್ಲಿ ಮಾರುವೇಷದ ಮುದುಕ ಪ್ರತಿ ಕಂತಿನ ಕೊನೆಯ ಭಾಗದಲ್ಲಿ ರಾಜಮುದ್ರೆ ತೋರಿಸುತ್ತಿದ್ದ, ದುಷ್ಟರು ನೆಲಕ್ಕೆ ಬೀಳುತ್ತಿದ್ದರು. ಕನ್ನಡಕ ತೆಗೆಯುವುದು ಆ ಮುದ್ರೆಯ ಮೊಮ್ಮಗ. ‘ಮುಂದೇನು’ ಎಂದು ಕಾಯುವುದನ್ನು ಬಿಡಿ, ‘ಈ ಸಲ ಹೇಗೆ’ ಎಂದು ಕಾಯಿರಿ. ಬರೆದವರ ಜಾಣ್ಮೆ ಚೌಕಟ್ಟು ಮುರಿಯುವಲ್ಲಿ ಕಾಣುತ್ತದೆ: ಟೀಚರ್ ತಡವಾಗಿ ಬಂದರೆ, ಅವಳು ಬರುವ ಮೊದಲೇ ಹುಡುಗರು ತಾವೇ ಒಬ್ಬರಿಗೊಬ್ಬರು ನಿಂತರೆ, ಅದು ಆ ಕಂತಿನ ನಿಜವಾದ ಸುದ್ದಿ.

ಕಿವಿಯಿಂದ ನೋಡುವುದು

ಇಲ್ಲಿಂದ ಮುಂದಿನದೇ ಮುಖ್ಯ ಭಾಗ. ಜಪಾನೀ ಮತ್ತು ಕನ್ನಡದ ವಾಕ್ಯ ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ನಂತರ. ‘ತನಾಕಾ ಗಾ ಕುರು ತೊ ಇತ್ತ’ ಎಂದರೆ ‘ತನಾಕಾ ಬರ್ತಾನೆ ಅಂತ ಹೇಳಿದ’. ಆ ‘ತೊ’ ನಮ್ಮ ‘ಅಂತ’. ಪ್ರಶ್ನೆಗೆ ಕೊನೆಯಲ್ಲಿ ‘ಕಾ’ ಸೇರಿಸುತ್ತಾರೆ, ನಾವು ‘ಬಂದ್ರಾ’ ಎಂದು ಎಳೆಯುವಂತೆ. ‘ನೆ’ ಎಂದರೆ ‘ಅಲ್ವಾ’. ‘ಇಕು ಝೋ’ ಎಂಬ ‘ಝೋ’ ಹತ್ತಿರಹತ್ತಿರ ನಮ್ಮ ‘ಕಣ್ರೋ’. ‘ಇತ್ತೆ ಕಿಮಾಸು’ ಎಂದು ಮನೆಯಿಂದ ಹೊರಡುವವರು ಹೇಳಿದರೆ ಇಂಗ್ಲಿಷ್ ಸಬ್‌ಟೈಟಲ್ ಬರೀ ಹೊರಟೆ ಎಂದಷ್ಟೇ ತೋರಿಸುತ್ತದೆ. ಮೂಲದಲ್ಲಿ ಇರುವುದು ಅಕ್ಷರಶಃ ‘ಹೋಗಿ ಬರ್ತೀನಿ’. ‘ಯತ್ತೆ ಮಿರು’ ಎಂದರೆ ‘ಮಾಡಿ ನೋಡು’, ‘ಶಿತೆ ಒಕು’ ಎಂದರೆ ‘ಮಾಡಿಡು’, ‘ಶಿತೆ ಶಿಮತ್ತ’ ಎಂದರೆ ‘ಮಾಡಿಬಿಟ್ಟೆ’. ಎದೆ ಬಡಿತಕ್ಕೆ ಅವರದು ‘ದೊಕಿ ದೊಕಿ’, ನಮ್ಮದು ‘ಡವ ಡವ’. ಇದರಿಂದ ಸಿಗುವ ಲಾಭ ದೊಡ್ಡದು: ಜಪಾನೀ ಹಾಸ್ಯದಲ್ಲಿ ಹೊಡೆತ ವಾಕ್ಯದ ಕೊನೆಗೆ ಬೀಳುತ್ತದೆ, ಇಂಗ್ಲಿಷಿನಲ್ಲಿ ಅದು ಮೊದಲಿಗೇ ಬಂದುಬಿಡುತ್ತದೆ. ಸಬ್‌ಟೈಟಲನ್ನು ಒಂದು ನೋಟದಲ್ಲಿ ಓದಿ ಮುಗಿಸಿ ಕಣ್ಣನ್ನು ನಟರ ಮುಖಕ್ಕೆ ಒಯ್ದು ವಾಕ್ಯದ ಬಾಲಕ್ಕೆ ಕಿವಿಗೊಡುವುದನ್ನು ರೂಢಿಸಿಕೊಳ್ಳಿ.

ಬಾಲದಲ್ಲೇನಿದೆ? ಗೌರವದ ಮಟ್ಟ. ‘ದೆಸು’, ‘ಮಾಸು’ ಎಂದು ಮುಗಿದರೆ ‘ಬನ್ರೀ, ಹೇಳ್ರೀ’ಯ ಮಟ್ಟ. ಬರಿಯ ಕ್ರಿಯಾಪದವಾದರೆ ‘ಬಾರೋ, ಹೇಳೋ’. ‘ದೆಸು’ ಸವೆದು ‘ಸ್ಸು’ ಆದರೆ ಗೌರವ ಕೊಟ್ಟೂ ಕೊಡದ ಹುಡುಗರ ಮಾತು. ‘ಯಾಗರು’ ಎಂಬ ಬಾಲ ಸೇರಿದರೆ ಎದುರಿನವನನ್ನು ತುಳಿದು ಆಡಿದ ಮಾತು.

ಕುಮಿಕೊ ಸ್ಟಾಫ್ ರೂಮಿನಲ್ಲಿ ‘ದೆಸು, ಮಾಸು’ ಆಡುತ್ತಾಳೆ. ಕೋಪ ಬಂದಾಗ ನಾಲಿಗೆ ಜಾರಿ ಯಾಕುಜಾ ಮನೆಯ ಮಾತು ಹೊರಬೀಳುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ, ತಕ್ಷಣ ದನಿ ಏರಿಸಿ ಮತ್ತೆ ಮೇಡಂ ಆಗುತ್ತಾಳೆ. ಸಬ್‌ಟೈಟಲಿನಲ್ಲಿ ಎರಡೂ ಸಾಲು ಒಂದೇ ಥರ ಕಾಣುತ್ತವೆ. ಕನ್ನಡದಲ್ಲಿ ಊಹಿಸಿಕೊಳ್ಳಿ: ‘ಸರ್, ದಯವಿಟ್ಟು ಸ್ವಲ್ಪ ಕೇಳ್ತೀರಾ’ ಎನ್ನುತ್ತಿದ್ದವರು ಒಂದೇ ಉಸಿರಿನಲ್ಲಿ ‘ಲೇ, ಬಾಯಿ ಮುಚ್ಚೋ’ ಎಂದು, ಮರುಕ್ಷಣ ‘ಅಂತ ಯಾರೋ ಹೇಳ್ತಿದ್ರು ಸರ್’ ಎಂದರೆ ಹೇಗೋ ಹಾಗೆ.

ಸರ್ವನಾಮಗಳಿಗೆ ಪ್ರತ್ಯೇಕ ಗಮನ ಬೇಕು, ಏಕೆಂದರೆ ಇಲ್ಲಿ ಕನ್ನಡವೂ ನೆರವಿಗೆ ಬರುವುದಿಲ್ಲ. ನಮಗೆ ‘ನಾನು’ ಒಂದೇ. ಅವರಿಗೆ ವಿನಯದ ‘ವತಾಶಿ’, ಹೆಣ್ಣುಮಕ್ಕಳ ಸಲಿಗೆಯ ‘ಅತಾಶಿ’, ಸಾಧು ಹುಡುಗನ ‘ಬೊಕು’, ಗಂಡಸುತನ ತೋರುವ ‘ಒರೆ’. ಒಬ್ಬ ಹುಡುಗ ಟೀಚರ ಮುಂದೆ ‘ಒರೆ’ ಬಿಟ್ಟು ‘ಬೊಕು’ ಎಂದರೆ ಏನೋ ಅಡಗಿಸುತ್ತಿದ್ದಾನೆ ಅಥವಾ ಬೆದರಿದ್ದಾನೆ. ಎದುರಿನವರಿಗೆ ‘ಅನಾತಾ’, ‘ಒಮಾಎ’, ‘ತೆಮೇ’ ಎಂದು ಮೂರು ಮೆಟ್ಟಿಲು, ಕೊನೆಯದು ಜಗಳಕ್ಕೆ ಕರೆದಂತೆ. ಕುಮಿಕೊ ಹುಡುಗರನ್ನು ‘ಒಮಾಎರಾ’ ಎನ್ನುತ್ತಾಳೆ. ಅದರ ಭಾವ ‘ಲೋ, ನೀವುಗಳು’. ಮೇಡಂ ಆದವಳು ಹೀಗೆ ಕರೆಯುವುದು ಒರಟು, ಹುಡುಗರಿಗೆ ಹತ್ತಿರವಾಗುವುದೂ ಅದರಿಂದಲೇ.

ಹೆಸರಿನ ಕೊನೆಗೆ ಸೇರುವ ಗೌರವ-ಸಲಿಗೆಯ ಪದಗಳನ್ನೂ ಕೇಳಿ: ‘ಸಾನ್’, ‘ಕುನ್’, ‘ಚಾನ್’, ‘ಸಾಮಾ’, ಅಥವಾ ಏನೂ ಇಲ್ಲದ ಬರಿ ಹೆಸರು. ಹುಡುಗರು ಯಾಮಾಗುಚಿ ಕುಮಿಕೊ ಎಂಬುದನ್ನು ಕತ್ತರಿಸಿ ‘ಯಾಂಕುಮಿ’ ಮಾಡುತ್ತಾರೆ. ‘ಸೆನ್ಸೇ’ ಎನ್ನದೆ ಅಡ್ಡಹೆಸರು ಹಿಡಿದು ಕೂಗುವುದು ಮೊದಲಿಗೆ ಉದ್ಧಟತನ, ಹೋಗಹೋಗುತ್ತಾ ಅದೇ ಅಕ್ಕರೆ. ಅಜ್ಜನ ಮನೆಯಲ್ಲಿ ಅದೇ ಹೆಣ್ಣು ‘ಒಜೋ’, ಯಜಮಾನರ ಮನೆಯ ಮಗಳು. ಒಂದೇ ದಿನದಲ್ಲಿ ಮೂರು ಹೆಸರು, ಮೂರು ನಿಲುವು. ಕಂತಿನಲ್ಲಿ ಒಮ್ಮೆಯಾದರೂ ಒಂದು ಜಗತ್ತಿನ ಹೆಸರು ಇನ್ನೊಂದರೊಳಗೆ ಬೀಳುತ್ತದೆಯೇ ಎಂದು ಕಾಯಿರಿ.

ಪದದಾಟ ಒಂದು ಇಡೀ ಸರಣಿಯ ಕೆಳಗೆ ಹರಿಯುತ್ತದೆ. ‘ಕುಮಿ’ ಎಂದರೆ ತರಗತಿಯ ವಿಭಾಗ, ‘ಕುಮಿ’ ಎಂದರೆ ಯಾಕುಜಾ ಗುಂಪು. ಡಿ ವಿಭಾಗ ‘ಡಿ-ಗುಮಿ’. ಜಪಾನಿನ ಅತಿ ದೊಡ್ಡ ಯಾಕುಜಾ ಸಂಘಟನೆಯ ಹೆಸರು ಯಾಮಾಗುಚಿ-ಗುಮಿ. ಯಾಮಾಗುಚಿ ಕುಮಿಕೊ ಎಂದು ಟೀಚರ್ ಹಲಗೆಯ ಮೇಲೆ ಹೆಸರು ಬರೆದಾಗ ಜಪಾನೀ ಕಿವಿಗೆ ಏನು ಕೇಳುತ್ತದೆ ಎಂದು ಈಗ ತಿಳಿಯಿತಲ್ಲ. ಅವಳಿಗೆ ವಹಿಸಿದ ಕುಮಿ ಯಾವುದು ಎಂಬುದೇ ಕಥೆ.

ಅಭ್ಯಾಸ ಹೀಗೆ ಮಾಡಿ. ಕಂತನ್ನು ನಿಲ್ಲಿಸದೆ ಒಮ್ಮೆ ನೋಡಿ. ಆಮೇಲೆ ಸ್ಟಾಫ್ ರೂಮಿನ ಅಥವಾ ಅಜ್ಜನ ಮನೆಯ ಮೂರು ನಿಮಿಷದ ಒಂದು ದೃಶ್ಯವನ್ನು ಸಬ್‌ಟೈಟಲ್ ಆಫ್ ಮಾಡಿ ಮತ್ತೆ ನೋಡಿ. ನೋಟ್‌ಬುಕ್ಕಿನಲ್ಲಿ ಯಾರು ಯಾರನ್ನು ಏನೆಂದು ಕರೆದರು, ವಾಕ್ಯ ಯಾವುದರಲ್ಲಿ ಮುಗಿಯಿತು, ಇಷ್ಟೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಕನ್ನಡ ಲಿಪಿಯಲ್ಲಿ ಹ್ರಸ್ವ-ದೀರ್ಘ ಸ್ಪಷ್ಟವಾಗಿ ಉಳಿಯುವುದರಿಂದ ಜಪಾನೀ ಬರೆದುಕೊಳ್ಳಲು ಅದು ಒಳ್ಳೆಯ ಸಾಧನ. ಐದನೇ ಕಂತಿನ ಹೊತ್ತಿಗೆ ಹತ್ತಿಪ್ಪತ್ತು ಬಾಲಗಳು ತಾವಾಗಿ ಕೇಳತೊಡಗುತ್ತವೆ. ವ್ಯಾಕರಣದ ಪುಸ್ತಕ ಬೇಕಿಲ್ಲ.

ಮುಖ ಕುಣಿಸುವುದು ಯಾಕೆ

ಮಾಂಗಾದಿಂದ ಬಂದ ಧಾರಾವಾಹಿಯಲ್ಲಿ ನಟರು ಚಿತ್ರದ ಚೌಕವನ್ನೇ ಆಡಿ ತೋರಿಸುತ್ತಾರೆ. ಬೆಚ್ಚಿದರೆ ಇಡೀ ದೇಹ ಬೆಚ್ಚಬೇಕು. ಇದರ ಜೊತೆಗೆ ‘ಮಾನ್‌ಝಾಯ್’ ಎಂಬ ಇಬ್ಬರ ಹಾಸ್ಯದ ಲಯ ಸೇರಿದೆ: ಒಬ್ಬ ‘ಬೊಕೆ’, ದಡ್ಡತನದ ಮಾತು ಆಡುವವನು, ಇನ್ನೊಬ್ಬ ‘ತ್ಸುಕ್ಕೊಮಿ’, ತಕ್ಷಣ ಚುಚ್ಚಿ ಸರಿಪಡಿಸುವವನು. ನಗು ಬರುವುದು ಎರಡನೆಯವನ ವೇಗದಿಂದ. ಗೋಕುಸೆನ್‌ನಲ್ಲಿ ಕುಮಿಕೊ ಬೊಕೆ, ಶಿನ್‌ನ ಒಣ ಒಂದು ಮಾತು ಅಥವಾ ಬರಿಯ ನೋಟ ತ್ಸುಕ್ಕೊಮಿ. ಕ್ಯಾಮೆರಾ ಕುಮಿಕೊಳ ಮೇಲಿದ್ದಾಗ ಹಿಂದೆ ಮಸುಕಾಗಿ ಕಾಣುವ ಶಿನ್‌ನ ಮುಖ ನೋಡಿ, ಎಷ್ಟೋ ನಗು ಅಲ್ಲಿದೆ. ಒಬ್ಬರು ಅತಿಯಾಗಿ ಕುಣಿಯುವುದು ಇನ್ನೊಬ್ಬರು ಅಲುಗದೆ ನಿಲ್ಲಲೆಂದು.

ರುಚಿ ಕೆಡುವ ಜಾಗಗಳು

ಯಾಕುಜಾಗಳನ್ನು ಹೀಗೆ ಮುದ್ದಾಗಿ ತೋರಿಸಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಕುಮಿಕೊಳ ಅಜ್ಜನ ಮನೆ 1960ರ ದಶಕದ ‘ನಿಂಕ್ಯೋ’ ಚಿತ್ರಗಳಿಂದ ಬಂದದ್ದು. ಕೊಟ್ಟ ಮಾತಿಗೆ ತಲೆ ಕೊಡುವ, ಬಡವರ ಮೈಮುಟ್ಟದ ಗೂಂಡಾ ಎಂಬ ಕಲ್ಪನೆ ಅಲ್ಲಿಯದು. ನಿಜದ ಜಪಾನಿನಲ್ಲಿ ಸಂಘಟಿತ ಅಪರಾಧದ ವಿರುದ್ಧದ ಕಾಯ್ದೆ 1992ರಿಂದ ಜಾರಿಯಲ್ಲಿದೆ, ಆ ಗುಂಪುಗಳ ಕೆಲಸ ಸುಲಿಗೆ ಮತ್ತು ಹಿಂಸೆ. ಅಜ್ಜನ ಮನೆಯನ್ನು ವೇಷದಂತೆ ನೋಡಬೇಕು, ಸುದ್ದಿಯಂತಲ್ಲ. ಹಾಗೆಯೇ ಟೀಚರ್ ಕೈ ಎತ್ತುವ ದೃಶ್ಯಗಳು. ಜಪಾನಿನ ಶಾಲಾ ಶಿಕ್ಷಣ ಕಾಯ್ದೆಯ 11ನೇ ವಿಧಿ ಹೊಡೆಯುವ ಶಿಕ್ಷೆಯನ್ನು 1947ರಿಂದಲೇ ನಿಷೇಧಿಸಿದೆ. ಮಕ್ಕಳ ಜೊತೆ ಕೂತು ನೋಡುವಾಗ ಇದನ್ನು ಹೇಳಿಬಿಡುವುದು ಒಳ್ಳೆಯದು.

ಉಪದೇಶದ ಭಾಗವನ್ನು ಓಡಿಸಿ ನೋಡುವುದು ಮತ್ತೊಂದು ತಪ್ಪು. ‘ಸೆಕ್ಕ್ಯೋ’ ಎಂದು ಕರೆಯುವ ಈ ಮಾತು 1979ರಲ್ಲಿ ಶುರುವಾದ ‘ಕಿಂಪಾಚಿ ಸೆನ್ಸೇ’ ಎಂಬ ಶಾಲಾ ಧಾರಾವಾಹಿಯಿಂದ ಬಂದ ಸಂಪ್ರದಾಯ. ಗೋಕುಸೆನ್ ಅದಕ್ಕೆ ಒಂದು ತಿರುವು ಕೊಟ್ಟಿತು: ಒಳ್ಳೆಯ ಮಾತು ಆಡುವಾಗ ಟೀಚರ ಬಾಯಲ್ಲಿ ಅತ್ಯಂತ ಒರಟು ಭಾಷೆ ಇರುತ್ತದೆ. ಆ ಒರಟು ಕೇಳದೆ ಸಬ್‌ಟೈಟಲ್ ಮಾತ್ರ ಓದಿದರೆ ಅದು ಬರಿ ನೀತಿಪಾಠ. ಕೇಳಿದರೆ, ಇಡೀ ಕಂತು ಅಡಗಿಸಿಟ್ಟ ನಾಲಿಗೆ ಹುಡುಗನಿಗೋಸ್ಕರ ಬಿಚ್ಚಿಕೊಂಡದ್ದು ತಿಳಿಯುತ್ತದೆ.

ಮುಂದೆ

ಗೋಕುಸೆನ್ ಹಿಡಿಸಿದರೆ ಎರಡನೆಯದಾಗಿ ‘ಮೈ ಬಾಸ್ ಮೈ ಹೀರೋ’, 2006, 10 ಕಂತು. ಇಲ್ಲಿ ಯಾಕುಜಾ ಮನೆಯ 27ರ ಮಗ 17ರವನೆಂದು ಹೇಳಿಕೊಂಡು ವಿದ್ಯಾರ್ಥಿಯಾಗಿ ಬರುತ್ತಾನೆ, ಹೈಸ್ಕೂಲ್ ಪಾಸಾದರೆ ಮಾತ್ರ ಗದ್ದುಗೆ. ಗೋಕುಸೆನ್‌ನ ತಿರುಗುಮುರುಗು ಎನ್ನಬಹುದು, ನಗುವಿನ ಪ್ರಮಾಣ ಹೆಚ್ಚು. ‘ನೊಬುತಾ ವೊ ಪ್ರೊಡ್ಯೂಸ್’ 2005ರದು, 10 ಕಂತು, ನಗು ಕಡಿಮೆ, ಒಂಟಿತನ ಹೆಚ್ಚು. ಪರೀಕ್ಷೆಯ ಒತ್ತಡ ಗೊತ್ತಿರುವವರಿಗೆ ‘ದೊರಾಗೊನ್ ಝಾಕುರಾ’, 2005, 11 ಕಂತು. ಅದಕ್ಕೆ ಮೊದಲು ಉಳಿದವರಿಗೆ ಹೋಲಿಸಿ ಕೊಡುವ ‘ಹೆನ್ಸಾಚಿ’ ಎಂಬ ಪರೀಕ್ಷಾ ಅಂಕ ತಿಳಿದಿರಲಿ: ಸರಾಸರಿ 50, ಪ್ರಮಾಣಿತ ವಿಚಲನೆ 10. ಅದರ ಪ್ರಕಾರ 40 ಎಂದರೆ ನೂರರಲ್ಲಿ ಸುಮಾರು 84 ಮಂದಿಯ ಹಿಂದೆ ಇರುವವನು. 1980ರ ದಶಕದ ರೌಡಿ ಹುಡುಗರ ವೇಷಭೂಷಣ ಇಷ್ಟವಾದರೆ 2018ರ ‘ಕ್ಯೋ ಕರಾ ಒರೆ ವಾ’. ಆ ಹೆಸರಿನ ಅರ್ಥ ‘ಇವತ್ತಿನಿಂದ ನಾನು’. ಅಲ್ಲಿ ಯಾವ ‘ನಾನು’ ಬಳಸಿದ್ದಾರೆ ಎಂದು ಈಗ ಗೊತ್ತು.

ಇವುಗಳಿಗೆ ಹೋಗುವ ಮೊದಲು 2003ರ ವಿಶೇಷ ಕಂತು ಬಾಕಿ ಇದೆ. ಹನ್ನೆರಡನೇ ಕಂತು ಮುಗಿದ ಮರುದಿನವೇ ನೋಡಬೇಡಿ, ಎರಡು ಮೂರು ವಾರ ಬಿಡಿ. ಜಪಾನಿನ ಪ್ರೇಕ್ಷಕರು ಜುಲೈಯಿಂದ ಮಾರ್ಚ್‌ವರೆಗೆ ಕಾದಿದ್ದರು. ಶಾಲಾ ವರ್ಷ ಅಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಮಾರ್ಚ್‌ನಲ್ಲೇ ಊರೂರಿನ ಶಾಲೆಗಳಲ್ಲಿ ಬೀಳ್ಕೊಡುಗೆ, ಅದೇ ತಿಂಗಳಲ್ಲಿ ಪರದೆಯ ಮೇಲೂ. ಹೆಸರು ಕರೆಯುವ ಭಾಗ ಬಂದಾಗ ಸಬ್‌ಟೈಟಲ್ ಆಫ್ ಮಾಡಿ. ಟೀಚರ್ ಒಬ್ಬೊಬ್ಬರ ಹೆಸರು ಕರೆಯುತ್ತಾಳೆ, ಅವರು ‘ಹೈ’ ಎನ್ನುತ್ತಾರೆ. ‘ಹಾಜರ್’ ಎಂಬುದಕ್ಕೆ ಅಲ್ಲಿಯ ಮಾತು.